ಸಂಧಾನಕ್ಕೆ ಬೇಕಾದವರು ಸಭೆಗೆ ಬೇಡವೇಕೆ? ನಾಗಾ ತಾಯಂದಿರಿಂದ ಶುರುವಾದ ಚರ್ಚೆ

ಹೊಳೆಸಾಲು (ಚರ್ಚೆ ಆರಂಭಿಸಿದವರು)

2024ರ ಜೂನ್ 26ರಂದು ನಾಗಾಲ್ಯಾಂಡ್‌ನಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆಯಿತು. ಅದರ ಹಿಂದಿನ ಚುನಾವಣೆ ನಡೆದದ್ದು 2004ರಲ್ಲಿ. ನಡುವಿನ ಇಪ್ಪತ್ತು ವರ್ಷಗಳಲ್ಲಿ ಆ ರಾಜ್ಯದ ಜನ ವಿಧಾನಸಭೆಗೂ ಲೋಕಸಭೆಗೂ ಮತ ಹಾಕುತ್ತಲೇ ಬಂದಿದ್ದಾರೆ. ಪಟ್ಟಣಗಳ ಚುನಾವಣೆ ಮಾತ್ರ ಮತ್ತೆ ಮತ್ತೆ ಮುಂದೆ ಹೋಗಲು ಮುಖ್ಯ ಕಾರಣ, ಮೂರನೇ ಒಂದರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡಬೇಕೆಂಬ ನಿಯಮವನ್ನು ಅಲ್ಲಿನ ಬುಡಕಟ್ಟು ಮಂಡಳಿಗಳು ಒಪ್ಪದೆ ಹೋದದ್ದು.

ಇದೇ ಸಮಾಜ ರಕ್ತಪಾತ ನಿಲ್ಲಿಸಬೇಕಾದಾಗ ಮುಖ ಮಾಡಿದ್ದು ಹೆಂಗಸರ ಕಡೆಗೆ. ನಾಗಾ ತಾಯಂದಿರ ಸಂಘ ಹುಟ್ಟಿದ್ದು 1984ರ ಫೆಬ್ರುವರಿಯಲ್ಲಿ, ಕೊಹಿಮಾದಲ್ಲಿ. ಆಗ ಅದರ ಕಾಳಜಿ ಮನೆ ಮನೆಯ ಕುಡಿತ ಮತ್ತು ಮಾದಕ ವಸ್ತುಗಳ ಪಿಡುಗು. 1989ರಲ್ಲಿ ರಾಜ್ಯಕ್ಕೆ ಬಂದ ಪಾನನಿಷೇಧ ಕಾಯ್ದೆಯ ಹಿಂದೆ ಚರ್ಚುಗಳ ಜೊತೆಗೆ ಈ ಸಂಘದ ಒತ್ತಡವೂ ಇತ್ತು. 1988ರಲ್ಲಿ, ಪ್ರತ್ಯೇಕ ನಾಗಾ ದೇಶಕ್ಕಾಗಿ ಬಂದೂಕು ಹಿಡಿದಿದ್ದ ಸಂಘಟನೆ ಎನ್‌ಎಸ್‌ಸಿಎನ್ ಒಡೆದು ಐಸಾಕ್–ಮುಯಿವಾ ಬಣ ಮತ್ತು ಖಪ್ಲಾಂಗ್ ಬಣಗಳಾದ ಮೇಲೆ, ಸೇನೆಯ ಗುಂಡಿಗೆ ಬಲಿಯಾಗುವುದರ ಜೊತೆಗೆ ನಾಗಾಗಳು ನಾಗಾಗಳ ಕೈಯಲ್ಲೇ ಸಾಯತೊಡಗಿದರು. 1994ರಲ್ಲಿ ತಾಯಂದಿರ ಸಂಘ ‘ಇನ್ನು ರಕ್ತ ಹರಿಸಬೇಡಿ’ ಎಂಬ ಅಭಿಯಾನಕ್ಕೆ ಇಳಿಯಿತು. ಸರ್ಕಾರದವರನ್ನೂ ಭೂಗತ ನಾಯಕರನ್ನೂ ಕಂಡರು. ಮ್ಯಾನ್ಮಾರ್ ಕಡೆಯ ನೆಲೆಗಳಲ್ಲಿದ್ದ ಬಣದವರ ಜೊತೆಗೂ ಮಾತಾಡಿದರು. ಒಬ್ಬರ ಮುಖ ಒಬ್ಬರು ನೋಡದ ಬಣಗಳ ನಡುವೆ ಸುದ್ದಿ ಕೊಂಡೊಯ್ಯಲು ಇವರಿಗೆ ದಾರಿ ಇತ್ತು. ಮುಯಿವಾ ಬಣದ ಜೊತೆ 1997ರಲ್ಲಿ ಕದನವಿರಾಮ ಆಯಿತು, ಖಪ್ಲಾಂಗ್ ಬಣದ ಜೊತೆ 2001ರಲ್ಲಿ. ಸಂಘವನ್ನು ಮುನ್ನಡೆಸಿದ ನೈಡೊನುವೊ ಅಂಗಾಮಿ ಅವರಿಗೆ 2000ದಲ್ಲಿ ಪದ್ಮಶ್ರೀ ಬಂತು.

ಹೆಂಗಸರಿಗೆ ಈ ಓಡಾಟದ ಹಕ್ಕು ಹೊಸತೇನೂ ಆಗಿರಲಿಲ್ಲ. ಮಣಿಪುರದ ಉಖ್ರುಲ್ ಕಡೆಯ ತಾಂಗ್‌ಖುಲ್ ನಾಗಾಗಳಲ್ಲಿ, ಒಂದು ಊರಿನಿಂದ ಇನ್ನೊಂದು ಊರಿಗೆ ಮದುವೆಯಾಗಿ ಹೋದ ಹೆಣ್ಣನ್ನು ಪುಖ್ರೇಲಾ ಎಂದು ಕರೆಯುತ್ತಾರೆ. ಊರೂರು ಕಾದಾಡುತ್ತಿದ್ದ ಕಾಲದಲ್ಲಿ ಆಕೆ ಎರಡೂ ಪಡೆಗಳ ನಡುವೆ ಬಂದು ನಿಂತರೆ ಯಾರೂ ಕೈ ಮಾಡುವಂತಿರಲಿಲ್ಲ, ಏಕೆಂದರೆ ಆಕೆ ಒಂದು ಊರಿನ ಮಗಳು, ಇನ್ನೊಂದು ಊರಿನ ಸೊಸೆ. ಆದರೆ ಜಗಳ ಬಿಡಿಸಿದ ಮೇಲೆ, ಊರಿನ ಗಡಿ, ಜಮೀನು, ದಂಡ ಇವುಗಳನ್ನು ತೀರ್ಮಾನಿಸುವ ಹಿರಿಯರ ಕೂಟದಲ್ಲಿ ಆಕೆಗೆ ಜಾಗವಿರಲಿಲ್ಲ. ಇಪ್ಪತ್ತನೇ ಶತಮಾನದ ಕೊನೆಗೂ ಈ ಏರ್ಪಾಡು ಹೆಚ್ಚು ಬದಲಾದಂತೆ ಕಾಣುವುದಿಲ್ಲ. 2015ರ ಆಗಸ್ಟ್ 3ರಂದು ಪ್ರಧಾನಿಯವರ ನಿವಾಸದಲ್ಲಿ ನಾಗಾ ಶಾಂತಿ ಮಾತುಕತೆಯ ಚೌಕಟ್ಟು ಒಪ್ಪಂದಕ್ಕೆ ಸಹಿ ಬಿದ್ದಾಗ ಸಹಿ ಮಾಡಿದವರು ಸರ್ಕಾರದ ಪರವಾಗಿ ಆರ್. ಎನ್. ರವಿ, ಎನ್‌ಎಸ್‌ಸಿಎನ್ ಪರವಾಗಿ ಥುಯಿಂಗಲೆಂಗ್ ಮುಯಿವಾ. ಒಪ್ಪಂದದಲ್ಲಿ ಏನಿದೆಯೆಂಬುದು ಹೊರಗಿನವರಿಗೆ ತಿಳಿಯಲು ಇನ್ನೂ ಐದು ವರ್ಷ ಬೇಕಾಯಿತು.

ಇದಾಗಿ ಎರಡು ವರ್ಷ ತುಂಬುವ ಮೊದಲೇ, 2017ರ ಫೆಬ್ರುವರಿ 1ಕ್ಕೆ ಮೀಸಲಾತಿಯೊಂದಿಗೆ ಪಟ್ಟಣಗಳ ಚುನಾವಣೆ ನಡೆಸುವುದಾಗಿ ರಾಜ್ಯ ಸರ್ಕಾರ ಪ್ರಕಟಿಸಿತು. ದಿಮಾಪುರದಲ್ಲಿ ಗಲಭೆಯಾಗಿ ಪೊಲೀಸರ ಗುಂಡಿಗೆ ಇಬ್ಬರು ಯುವಕರು ಬಲಿಯಾದರು, ಕೊಹಿಮಾದಲ್ಲಿ ನಗರಸಭೆಯ ಕಟ್ಟಡಕ್ಕೇ ಬೆಂಕಿ ಬಿತ್ತು, ಚುನಾವಣೆ ರದ್ದಾಯಿತು, ಮುಖ್ಯಮಂತ್ರಿ ಟಿ. ಆರ್. ಜೆಲಿಯಾಂಗ್ ರಾಜೀನಾಮೆ ಕೊಟ್ಟರು.

ಶಾಂತಿಯನ್ನು ಮನೆ ಮನೆಗೆ ಹೊತ್ತು ತಿರುಗುವ ಕೆಲಸಕ್ಕೆ ಹೆಂಗಸರು ಬೇಕು, ಅಧಿಕಾರ ಹಂಚುವ ಹೊತ್ತಿಗೆ ಬೇಡ. ಇದು ನಾಗಾಗಳಿಗೆ ಮಾತ್ರ ಅಂಟಿದ ದೋಷವಲ್ಲ. 1992ರಿಂದ 2019ರವರೆಗಿನ ಪ್ರಮುಖ ಶಾಂತಿ ಮಾತುಕತೆಗಳಲ್ಲಿ ಸಂಧಾನಕಾರರ ಪೈಕಿ ಮಹಿಳೆಯರ ಪಾಲು ಸರಾಸರಿ ಶೇ 13, ಸಹಿ ಹಾಕಿದವರ ಪೈಕಿ ಶೇ 6 ಎಂದು ವಿಶ್ವಸಂಸ್ಥೆಯ ಮಹಿಳಾ ವಿಭಾಗದ ಲೆಕ್ಕವೇ ಹೇಳುತ್ತದೆ. ಧೈರ್ಯ, ಅನುಭವ, ಜನರ ನಂಬಿಕೆ ಎಲ್ಲವೂ ಇದ್ದವರು ಹೊರಗುಳಿಯುವುದಕ್ಕೆ ಕಾರಣ, ಆಸನ ಹಂಚುವ ನಿಯಮವನ್ನು ಅವರು ಬರೆದಿಲ್ಲ ಎಂಬುದು ನನ್ನ ಅಭಿಪ್ರಾಯ. ನಿಮಗೆ ಏನನ್ನಿಸುತ್ತದೆ?

ಕಾಯ್ದೆ ಓದುಗ

ನಿಮ್ಮ ಬರಹದ ದಿಕ್ಕು ಸರಿಯಾಗಿದೆ, ಆದರೆ 371ಎ ವಿಧಿಯನ್ನು ಪ್ರಸ್ತಾಪಿಸದೆ ನಾಗಾಲ್ಯಾಂಡ್ ಬಗ್ಗೆ ಮಾತನಾಡಿದರೆ ಎದುರಿನವರಿಗೆ ಅನ್ಯಾಯವಾಗುತ್ತದೆ. 1962ರಲ್ಲಿ ಹದಿಮೂರನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಈ ವಿಧಿಯ ಪ್ರಕಾರ, ನಾಗಾಗಳ ಧಾರ್ಮಿಕ ಮತ್ತು ಸಾಮಾಜಿಕ ಆಚರಣೆ, ಸಾಂಪ್ರದಾಯಿಕ ಕಾನೂನು, ಅದರ ಪ್ರಕಾರ ನಡೆಯುವ ನ್ಯಾಯದಾನ, ಭೂಮಿಯ ಒಡೆತನ ಮತ್ತು ವರ್ಗಾವಣೆ, ಈ ವಿಷಯಗಳಲ್ಲಿ ಸಂಸತ್ತಿನ ಕಾಯ್ದೆ ಅಲ್ಲಿಗೆ ಅನ್ವಯಿಸಬೇಕಾದರೆ ರಾಜ್ಯ ವಿಧಾನಸಭೆ ನಿರ್ಣಯ ಮಾಡಬೇಕು. ದಶಕಗಳ ಹೋರಾಟದ ನಂತರ ಸಿಕ್ಕ ಈ ರಕ್ಷಣೆಯನ್ನು ದೆಹಲಿಯ ಇನ್ನೊಂದು ಕಾಯ್ದೆ ಕೊರೆದು ಹಾಕುತ್ತದೆ ಎಂಬ ಅಂಜಿಕೆ ಅಲ್ಲಿ ನಿಜವಾಗಿಯೂ ಇದೆ. ಅದನ್ನೆಲ್ಲ ಗಂಡಸರ ನೆಪ ಎಂದು ತಳ್ಳಿಹಾಕಲಾಗದು. ಮೇಲಾಗಿ 2001ರ ಪುರಸಭೆ ಕಾಯ್ದೆಯಲ್ಲಿ ಜಮೀನು ಮತ್ತು ಕಟ್ಟಡಗಳ ಮೇಲೆ ತೆರಿಗೆ ಹಾಕುವ ಅವಕಾಶವೂ ಇತ್ತು. ಬೀದಿಗಿಳಿದವರಲ್ಲಿ ಮೀಸಲಾತಿಗಿಂತ ತೆರಿಗೆಗೆ ಹೆದರಿದವರೂ ಇದ್ದರು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಗ್ರಾಮಾಭಿವೃದ್ಧಿ ಮಂಡಳಿಗಳ 1980ರ ಮಾದರಿ ನಿಯಮಗಳು ಆ ಮಂಡಳಿಗಳಲ್ಲಿ ನಾಲ್ಕನೇ ಒಂದು ಭಾಗವನ್ನು ಮಹಿಳೆಯರಿಗೆ ಮೀಸಲಿಟ್ಟಿವೆ. ಅಭಿವೃದ್ಧಿ ಅನುದಾನ ಹಂಚುವ ಆ ಮಂಡಳಿಯಲ್ಲಿ ಹೆಂಗಸರು ಕೂತರೆ ಸಂಪ್ರದಾಯ ಕೆಡಲಿಲ್ಲ; ವಾರ್ಡ್ ಸದಸ್ಯೆಯಾಗಿ ಆಯ್ಕೆಯಾದರೆ ಮಾತ್ರ ಕೆಡುತ್ತದೆಂದು ವಾದಿಸಿದರು. 2012ರ ಸೆಪ್ಟೆಂಬರ್‌ನಲ್ಲಿ ವಿಧಾನಸಭೆ ಈ ಮೀಸಲಾತಿ ನಮಗೆ ಬೇಡವೆಂದು ನಿರ್ಣಯ ಮಾಡಿತು, 2016ರಲ್ಲಿ ಆ ನಿರ್ಣಯವನ್ನು ಹಿಂದಕ್ಕೆ ತೆಗೆದುಕೊಂಡಿತು, 2023ರ ಮಾರ್ಚ್‌ನಲ್ಲಿ ಚುನಾವಣೆ ಪ್ರಕಟವಾದ ಮೇಲೆ ಮೂಲ ಕಾಯ್ದೆಯನ್ನೇ ರದ್ದು ಮಾಡಿತು. ಸುಪ್ರೀಂ ಕೋರ್ಟ್ ತಡೆ ಕೊಡದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪ್ರಾಧ್ಯಾಪಕಿ ರೋಸ್‌ಮೇರಿ ಜುವಿಚು ಮೊದಲಾದ ಕೆಲವರು ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಸಮುದಾಯದ ಬಹಿಷ್ಕಾರದ ಬೆದರಿಕೆಯ ನಡುವೆಯೂ ನ್ಯಾಯಾಲಯದಲ್ಲಿ ಪಟ್ಟು ಬಿಡದೆ ನಿಂತದ್ದರಿಂದ ಇದು ಸಾಧ್ಯವಾಯಿತು. ಆ ವರ್ಷದ ನವೆಂಬರ್‌ನಲ್ಲಿ ಹೊಸ ಕಾಯ್ದೆ ಬಂತು. ಶೇ 33 ಉಳಿಯಿತು, ಆಸ್ತಿ ತೆರಿಗೆ ಹೋಯಿತು, ಅದರ ಜೊತೆಗೆ ಅಧ್ಯಕ್ಷ ಸ್ಥಾನದ ಮೀಸಲಾತಿಯೂ ಹೋಯಿತು.

ನಿವೃತ್ತ ಪಿಡಿಒ

ಅಧ್ಯಕ್ಷ ಸ್ಥಾನದ ಮೀಸಲಾತಿ ಹೋದದ್ದನ್ನು ಕಾಯ್ದೆ ಓದುಗ ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು, ನನಗಂತೂ ಅದೇ ದೊಡ್ಡ ಸಂಗತಿ ಅನ್ನಿಸಿತು. ನಮ್ಮ ರಾಜ್ಯದಲ್ಲಿ 1983ರ ಕಾಯ್ದೆ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಲ್ಲಿ ಮಹಿಳೆಯರಿಗೆ ಶೇ 25 ಸ್ಥಾನ ಕೊಟ್ಟಿತು, ಅಬ್ದುಲ್ ನಜೀರ್ ಸಾಬ್ ಸಚಿವರಾಗಿದ್ದಾಗ 1987ರಲ್ಲಿ ಚುನಾವಣೆಯೂ ಆಯಿತು. ಸಂವಿಧಾನದ ಎಪ್ಪತ್ಮೂರನೇ ತಿದ್ದುಪಡಿಗೆ ಇನ್ನೂ ಐದಾರು ವರ್ಷಗಳಿದ್ದವು. ಆಗ ಎಷ್ಟೋ ಕಡೆ ಸದಸ್ಯೆಯರು ಬಂದರು, ಹಾಜರಿ ಪುಸ್ತಕಕ್ಕೆ ರುಜು ಹಾಕಿದರು, ಹೋದರು ಎಂದು ಹಿರಿಯ ಕಾರ್ಯದರ್ಶಿಗಳು ಹೇಳುತ್ತಿದ್ದರು. ಅಧ್ಯಕ್ಷ ಸ್ಥಾನವೂ ಸರದಿಯ ಮೇಲೆ ಮಹಿಳೆಯರಿಗೆ ಬರತೊಡಗಿದ ಮೇಲೆ ವ್ಯತ್ಯಾಸ ಕಂಡಿತು.

ಬಯಲುಸೀಮೆಯ ಒಂದು ಪಂಚಾಯಿತಿಯಲ್ಲಿ ನಾನು ಕೆಲಸ ಮಾಡುತ್ತಿದ್ದಾಗ ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲಿ ಅವರ ಯಜಮಾನರೇ ಕೂರುತ್ತಿದ್ದರು. ಕೂರಬಾರದೆಂದು ಸುತ್ತೋಲೆ ಇದ್ದರೂ ಎದ್ದೇಳಿ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಒಂದು ದಿನ ಕೊಳವೆಬಾವಿಯ ಮೋಟಾರ್ ರಿಪೇರಿ ಬಿಲ್ ಮುಂದಿಟ್ಟಾಗ ಆಕೆ ಪೆನ್ನು ಕೈಗೆ ತೆಗೆದುಕೊಳ್ಳಲಿಲ್ಲ. ‘ಹೋದ ತಿಂಗಳೂ ಇದೇ ಮೋಟಾರಿಗೆ ದುಡ್ಡು ಕೊಟ್ವಲ್ಲ ಸಾರ್, ನೀರು ಮಾತ್ರ ನಮ್ಮ ಕೇರಿಗೆ ಬಂದಿಲ್ಲ’ ಎಂದರು. ಯಜಮಾನರು ‘ಹಾಕಮ್ಮ, ನಾ ನೋಡಿದೀನಿ’ ಎಂದರೂ ಹಾಕಲಿಲ್ಲ. ಬಿಲ್ ವಾಪಸ್ ಹೋಯಿತು. ಮರುವಾರದಿಂದ ಪಕ್ಕದ ಕುರ್ಚಿ ಖಾಲಿಯಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ, ಅವರು ಬರುವುದನ್ನು ಬಿಡಲಿಲ್ಲ. ಬಿಲ್ಲುಗಳು ಮಾತ್ರ ಮೊದಲು ಆಕೆಯ ಮುಂದೆ ಬರತೊಡಗಿದವು. ರುಜುವಿನ ಅಧಿಕಾರ ಆಕೆಗಿದ್ದದ್ದರಿಂದ ಇದು ನಡೆಯಿತು. ಬರೀ ಸದಸ್ಯೆಯಾಗಿದ್ದರೆ ಆ ಬಿಲ್ ಆಕೆಯ ಕಣ್ಣಿಗೇ ಬೀಳುತ್ತಿರಲಿಲ್ಲ.

ಕಡಲತಡಿ

ಎಲ್ಲರೂ ಒಂದೇ ದನಿಯಲ್ಲಿ ಮಾತನಾಡುತ್ತಿರುವುದರಿಂದ ನಾನು ಬೇರೆ ದನಿ ಎತ್ತುತ್ತೇನೆ. ಮೇಜಿನ ಮುಂದೆ ಹೆಣ್ಣೊಬ್ಬಳು ಕೂತಾಕ್ಷಣ ಹೆಂಗಸರ ಹಿತ ಅಲ್ಲಿ ಬಂದು ಕೂತಂತೆ ಆಗುತ್ತದೆಯೇ? ಫಿಲಿಪ್ಪೀನ್ಸ್‌ನಲ್ಲಿ 2014ರ ಮಾರ್ಚ್‌ನಲ್ಲಿ, ದಕ್ಷಿಣದ ಮೊರೊ ಮುಸ್ಲಿಂ ಬಂಡುಕೋರರ ಜೊತೆಗಿನ ಬಂಗ್ಸಮೊರೊ ಒಪ್ಪಂದಕ್ಕೆ ಸರ್ಕಾರದ ಮುಖ್ಯ ಸಂಧಾನಕಾರರಾಗಿ ಸಹಿ ಹಾಕಿದವರು ಮಿರಿಯಂ ಕೊರೊನೆಲ್ ಫೆರರ್. ಆಕೆ ಅಲ್ಲಿ ಮಾತನಾಡಿದ್ದು ಮನಿಲಾ ಸರ್ಕಾರದ ಪರವಾಗಿ, ಮಹಿಳೆಯರ ಪರವಾಗಿ ಅಲ್ಲ. ಹಾಗೆ ಮಾತನಾಡಬೇಕಾದದ್ದೂ ಸರಿಯೇ. ರುವಾಂಡಾದ ಸಂಸತ್ತಿನ ಕೆಳಮನೆಯಲ್ಲಿ 2008ರಲ್ಲಿ ಮಹಿಳೆಯರ ಪಾಲು ಶೇ 56, 2013ರಲ್ಲಿ ಶೇ 64. ಲೋಕದಲ್ಲೇ ಮೊದಲ ಸ್ಥಾನ. ಆದರೆ ಆ ದೇಶದಲ್ಲಿ ನಿಜವಾದ ಅಧಿಕಾರ ಅಧ್ಯಕ್ಷ ಪಾಲ್ ಕಗಾಮೆಯವರ ಕೈಯಲ್ಲಿದೆ. ಸಂಸತ್ತು ಎದುರಾಡದ ಕಡೆ ಅಲ್ಲಿ ಯಾರು ಎಷ್ಟು ಮಂದಿ ಕೂತರೇನು?

ಇನ್ನು ಸಂಧಾನದ ವಿಷಯ. ಬಂದೂಕು ಇರುವವರು ಪರಸ್ಪರ ಒಪ್ಪಿದರೆ ಯುದ್ಧ ನಿಲ್ಲುತ್ತದೆ, ಇಲ್ಲದಿದ್ದರೆ ಇಲ್ಲ. ಬಂದೂಕು ಇಲ್ಲದವರು ಎಷ್ಟೇ ಒಳ್ಳೆಯವರಾದರೂ ಅವರ ಸಹಿಯಿಂದ ಕದನವಿರಾಮ ಹುಟ್ಟುವುದಿಲ್ಲ. ನಾಗಾ ತಾಯಂದಿರು ಮಾಡಿದ್ದು ದೊಡ್ಡ ಕೆಲಸ. ಆದರೆ ಆ ಕೆಲಸ ನಡೆದದ್ದು ಅವರು ಮೇಜಿನ ಹೊರಗಿದ್ದದ್ದರಿಂದಲೇ ಅಲ್ಲವೇ? ಒಳಗೆ ಹೋಗಿ ಒಂದು ಪಕ್ಷವಾಗಿ ಕೂತಿದ್ದರೆ ಎರಡೂ ಬಣಗಳು ಅವರನ್ನು ನಂಬುತ್ತಿದ್ದವೇ?

ಹೊಳೆಸಾಲು

ಕಡಲತಡಿ ಅವರ ಕೊನೆಯ ಪ್ರಶ್ನೆ ಗಟ್ಟಿಯಾದದ್ದು, ಅದಕ್ಕೆ ಉತ್ತರ ಹುಡುಕುವುದಾದರೆ ಉತ್ತರ ಐರ್ಲೆಂಡ್‌ಗೆ ಹೋಗಬೇಕು.

ಅಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಸಮುದಾಯಗಳ ನಡುವಿನ ಮೂವತ್ತು ವರ್ಷಗಳ ಹಿಂಸೆಯ ನಂತರ 1996ರಲ್ಲಿ ಮಾತುಕತೆಗೆ ಯಾರು ಕೂರಬೇಕೆಂದು ತೀರ್ಮಾನಿಸಲು ಒಂದು ಚುನಾವಣೆ ಇಟ್ಟರು. 110 ಸ್ಥಾನಗಳ ಪೈಕಿ 90 ಕ್ಷೇತ್ರಗಳಿಂದ. ಉಳಿದ 20 ಸ್ಥಾನಗಳನ್ನು ಇಡೀ ಪ್ರಾಂತ್ಯದಲ್ಲಿ ಅತಿ ಹೆಚ್ಚು ಮತ ಪಡೆದ ಹತ್ತು ಪಕ್ಷಗಳಿಗೆ ತಲಾ ಎರಡರಂತೆ ಹಂಚಬೇಕು. ಈ ಎರಡನೆಯ ನಿಯಮವನ್ನು ಯಾರೂ ಮಹಿಳೆಯರಿಗಾಗಿ ಮಾಡಿರಲಿಲ್ಲ. ಸಶಸ್ತ್ರ ಗುಂಪುಗಳಿಗೆ ಹತ್ತಿರವಿದ್ದ, ಸಾಮಾನ್ಯ ಚುನಾವಣೆಯಲ್ಲಿ ಗೆಲ್ಲಲಾಗದ ಸಣ್ಣ ಪಕ್ಷಗಳನ್ನು ಮಾತುಕತೆಯೊಳಗೆ ತರುವುದು ಅದರ ಉದ್ದೇಶ. ಮಹಿಳಾ ಸಂಘಟನೆಗಳು ಮೊದಲು ಎಲ್ಲ ಪಕ್ಷಗಳಿಗೂ ನಿಮ್ಮ ಪಟ್ಟಿಯಲ್ಲಿ ಹೆಂಗಸರನ್ನು ಹಾಕಿ ಎಂದು ಪತ್ರ ಬರೆದವು. ಉತ್ತರ ಸಮಾಧಾನ ತರಲಿಲ್ಲ. ಆಗ ಕೆಲವೇ ವಾರಗಳಲ್ಲಿ ‘ಮಹಿಳಾ ಒಕ್ಕೂಟ’ ಎಂಬ ಪಕ್ಷವನ್ನೇ ಕಟ್ಟಿ ಸ್ಪರ್ಧಿಸಿದರು. ಸಿಕ್ಕ ಮತ ಶೇಕಡಾ ಒಂದರಷ್ಟು. ಆದರೂ ಮೊದಲ ಹತ್ತರಲ್ಲಿ ಜಾಗ ಸಿಕ್ಕಿ ಎರಡು ಸ್ಥಾನ ಬಂತು. ಆ ಎರಡಕ್ಕೆ ಕಳಿಸಿದ್ದು ಕ್ಯಾಥೊಲಿಕ್ ಹಿನ್ನೆಲೆಯ ಮೋನಿಕಾ ಮೆಕ್‌ವಿಲಿಯಮ್ಸ್ ಅವರನ್ನು, ಪ್ರಾಟೆಸ್ಟೆಂಟ್ ಹಿನ್ನೆಲೆಯ ಪರ್ಲ್ ಸೇಗರ್ ಅವರನ್ನು. ಕಡಲತಡಿ ಅವರು ಕೇಳಿದ ನಂಬಿಕೆಯ ಪ್ರಶ್ನೆಗೆ ಅವರು ಕಂಡುಕೊಂಡ ಉಪಾಯ ಇದು. ಐರ್ಲೆಂಡ್ ಒಂದಾಗಬೇಕೋ ಬ್ರಿಟನ್ ಜೊತೆ ಉಳಿಯಬೇಕೋ ಎಂಬ ವಿಷಯದಲ್ಲಿ ಪಕ್ಷವಾಗಿ ನಿಲುವು ತೆಗೆದುಕೊಳ್ಳಲಿಲ್ಲ. ಎಲ್ಲರ ಜೊತೆಗೂ, ಬೇರೆ ಪಕ್ಷಗಳು ಮುಖ ನೋಡಲೂ ಒಪ್ಪದವರ ಜೊತೆಗೂ ಮಾತನಾಡಿದರು. ಮೇಜಿನ ಒಳಗೆ ಕೂತೂ ಎರಡೂ ಕಡೆಯವರ ನಡುವೆ ಮಾತು ಸಾಗಿಸಬಹುದೆಂದು ಅವರು ತೋರಿಸಿಕೊಟ್ಟರು.

ಸಭೆಯಲ್ಲಿ ಅವರು ಮಾತನಾಡಲು ಎದ್ದಾಗ ಕೆಲವು ಸದಸ್ಯರು ದನದಂತೆ ‘ಅಂಬಾ’ ಎಂದು ಕೂಗುತ್ತಿದ್ದರು. ಹಾಗೆ ಕೂಗಿದವರ ಹೆಸರು ಮತ್ತು ಮಾತುಗಳನ್ನು ಒಕ್ಕೂಟದವರು ತಮ್ಮ ಕಚೇರಿಯ ಫಲಕದ ಮೇಲೆ ಬರೆದು ಹಾಕುತ್ತಿದ್ದರಂತೆ. ಈ ವಿವರ ಓದಿದಾಗ ನನಗೆ ನಗು ಬಂತು ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ.

ಅವರಿಂದ ಆದದ್ದೇನು? 1998ರ ಏಪ್ರಿಲ್ 10ರ ಒಪ್ಪಂದದಲ್ಲಿ ಹಿಂಸೆಗೆ ಬಲಿಯಾದವರ ಬಗೆಗಿನ ಭಾಗ, ಎರಡೂ ಮತದ ಮಕ್ಕಳು ಒಟ್ಟಿಗೆ ಕಲಿಯುವ ಶಾಲೆಗಳಿಗೆ ಮತ್ತು ಮಿಶ್ರ ವಸತಿಗೆ ಪ್ರೋತ್ಸಾಹ, ಕಾರ್ಮಿಕ ಸಂಘ–ವ್ಯಾಪಾರಿ–ಸ್ವಯಂಸೇವಾ ವಲಯದವರು ಕೂರುವ ನಾಗರಿಕ ವೇದಿಕೆ, ರಾಜಕೀಯದಲ್ಲಿ ಮಹಿಳೆಯರ ಸಮಾನ ಭಾಗವಹಿಸುವಿಕೆಯ ಹಕ್ಕು ಇವೆಲ್ಲ ಸೇರಲು ಅವರ ಒತ್ತಾಯ ಕಾರಣ. ಬಂದೂಕು ಇದ್ದವರಿಗೆ ಕೈದಿಗಳ ಬಿಡುಗಡೆ, ಶಸ್ತ್ರತ್ಯಾಗ, ಗಡಿ ಇವೇ ಮುಖ್ಯವಾಗಿದ್ದವು. ಮಗನನ್ನು ಕಳೆದುಕೊಂಡ ಮನೆಗೆ ಮುಂದೇನು ಎಂಬುದನ್ನು ಯಾರಾದರೂ ಕೇಳಬೇಕಿತ್ತು.

ಮುಂದಿನದು ಅಷ್ಟು ಸಂತೋಷದ ಕಥೆಯಲ್ಲ. ಹೊಸ ಶಾಸನಸಭೆಯ ಚುನಾವಣೆಗೆ ಆ ಹತ್ತು ಪಕ್ಷಗಳ ನಿಯಮ ಇರಲಿಲ್ಲ. 1998ರಲ್ಲಿ 108ರಲ್ಲಿ ಎರಡು ಸ್ಥಾನ ಗೆದ್ದರು, 2003ರಲ್ಲಿ ಎರಡನ್ನೂ ಕಳೆದುಕೊಂಡರು, 2006ರಲ್ಲಿ ಪಕ್ಷವನ್ನೇ ವಿಸರ್ಜಿಸಿದರು. ನಾಗರಿಕ ವೇದಿಕೆ 2002ರಲ್ಲಿ ಅಮಾನತಾದದ್ದು ಮತ್ತೆ ತೆರೆಯಲಿಲ್ಲ. ನಿಯಮದ ಆಸರೆ ಹೋದ ಮೇಲೆ ಹೆಚ್ಚು ಕಾಲ ಉಳಿಯಲಿಲ್ಲ.

ಬಾಗ್ಮತಿ ದಂಡೆ

ನಾನು ಮೂಲತಃ ಧಾರವಾಡದವಳು, ಕೆಲಸದ ನಿಮಿತ್ತ ಕೆಲವು ವರ್ಷ ಕಠ್ಮಂಡುವಿನಲ್ಲಿ ಇದ್ದೆ. ನೇಪಾಳದ ಉದಾಹರಣೆ ಮೇಲೆ ಬಂದ ಹೊರದೇಶಗಳ ಉದಾಹರಣೆಗಳಿಗಿಂತ ನಮಗೆ ಹತ್ತಿರದ್ದು ಎಂದು ತೋರುತ್ತದೆ.

ಕಡಲತಡಿ ಅವರು ಬಂದೂಕು ಇರುವವರ ಮಾತು ಎತ್ತಿದರು. ನೇಪಾಳದಲ್ಲಿ ಹೆಂಗಸರ ಕೈಯಲ್ಲೂ ಬಂದೂಕು ಇತ್ತು. ವಿಶ್ವಸಂಸ್ಥೆ ಪರಿಶೀಲಿಸಿ ದೃಢಪಡಿಸಿದ 19,602 ಮಾವೋವಾದಿ ಹೋರಾಟಗಾರರಲ್ಲಿ 3,846 ಮಂದಿ ಮಹಿಳೆಯರು, ಅಂದರೆ ಐದರಲ್ಲಿ ಒಬ್ಬರು. ಹಾಗಿದ್ದೂ 2006ರ ನವೆಂಬರ್‌ನ ಸಮಗ್ರ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದವರು ಪ್ರಧಾನಿ ಗಿರಿಜಾ ಪ್ರಸಾದ್ ಕೊಯಿರಾಲ ಮತ್ತು ಮಾವೋವಾದಿ ನಾಯಕ ಪ್ರಚಂಡ. ಎರಡೂ ಕಡೆಯ ಸಂಧಾನ ತಂಡಗಳಲ್ಲಿ ಮಹಿಳೆಯರಿರಲಿಲ್ಲ. ಬಂದೂಕು ಹಿಡಿದರೆ ಮೇಜಿಗೆ ದಾರಿ ಸಿಗುತ್ತದೆ ಎಂಬ ವಾದ ಗಂಡಸರಿಗೆ ಮಾತ್ರ ಅನ್ವಯಿಸುತ್ತದೆಯೇನೋ.

ಪರಿಸ್ಥಿತಿ ಬದಲಾದದ್ದು ಚುನಾವಣೆಯ ಕಾಯ್ದೆಯಿಂದ. 2008ರ ಸಂವಿಧಾನ ಸಭೆಗೆ 601 ಸದಸ್ಯರಲ್ಲಿ 335 ಮಂದಿ ಪಕ್ಷಗಳ ಪಟ್ಟಿಯಿಂದ ಬರಬೇಕಿತ್ತು, ಪಟ್ಟಿಯಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕಿತ್ತು. ಫಲವಾಗಿ 197 ಮಹಿಳೆಯರು ಸಭೆಗೆ ಬಂದರು. ಆ ಸಭೆ ಸಂವಿಧಾನ ಮುಗಿಸದೆ 2012ರಲ್ಲಿ ವಿಸರ್ಜನೆಯಾಯಿತು. 2013ರಲ್ಲಿ ಆಯ್ಕೆಯಾದ ಎರಡನೇ ಸಭೆಯಲ್ಲೂ ಬಹಳ ಮಹಿಳೆಯರಿದ್ದರು, ಆದರೂ ಅದು ಕೊಟ್ಟ 2015ರ ಸಂವಿಧಾನದಲ್ಲಿ ತಾಯಿಯ ಮೂಲಕ ಮಕ್ಕಳಿಗೆ ಪೌರತ್ವ ಸಿಗುವ ವಿಷಯದಲ್ಲಿ ತಂದೆಗೆ ಸಮನಾದ ಹಕ್ಕು ದಕ್ಕಲಿಲ್ಲ. ಪಕ್ಷದ ಮುಖ್ಯಸ್ಥರು ಮುಚ್ಚಿದ ಕೋಣೆಯಲ್ಲಿ ತೀರ್ಮಾನಿಸಿದ್ದನ್ನು ಸಭೆಯಲ್ಲಿ ಕೈಯೆತ್ತಿ ಒಪ್ಪುವ ಪದ್ಧತಿ ಅಲ್ಲಿಯೂ ಇದೆ. ಈ ಮಟ್ಟಿಗೆ ಕಡಲತಡಿ ಅವರ ರುವಾಂಡಾ ಮಾತನ್ನು ನಾನು ಒಪ್ಪುತ್ತೇನೆ.

ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡದ್ದು ತಳಮಟ್ಟದ ಬದಲಾವಣೆ. ಪ್ರತಿ ವಾರ್ಡ್ ಸಮಿತಿಯ ಐವರಲ್ಲಿ ಇಬ್ಬರು ಮಹಿಳೆಯರು, ಅವರಲ್ಲಿ ಒಬ್ಬರು ದಲಿತ ಮಹಿಳೆ ಎಂಬ ನಿಯಮದಿಂದಾಗಿ 2017ರ ಸ್ಥಳೀಯ ಚುನಾವಣೆಯಲ್ಲಿ 6,567 ದಲಿತ ಮಹಿಳೆಯರು ಆಯ್ಕೆಯಾದರು. ಬೆಟ್ಟದ ಮೇಲಿನ ಒಂದು ವಾರ್ಡ್ ಕಚೇರಿಗೆ ನಾನು ಹೋಗಿದ್ದಾಗ ಅಂಥ ಸದಸ್ಯೆಯೊಬ್ಬರು ಮೂಲೆಯ ಬೆಂಚಿನಲ್ಲಿ ಕೂತಿದ್ದರು. ಚಹಾ ಬಂದಾಗ ಅವರಿಗೆ ಮಾತ್ರ ಬೇರೆ ಲೋಟ. ಸಭೆ ಶುರುವಾದ ಮೇಲೆ ವೃದ್ಧಾಪ್ಯ ವೇತನದ ಪಟ್ಟಿ ಓದುತ್ತಿದ್ದಾಗ ತಮ್ಮ ಕೇರಿಯ ಇಬ್ಬರು ಮುದುಕಿಯರ ಹೆಸರು ಬಿಟ್ಟುಹೋದದ್ದನ್ನು ಅವರು ಎದ್ದು ಹೇಳಿದರು, ಹೆಸರು ಸೇರಿತು. ಲೋಟ ಬದಲಾದದ್ದನ್ನು ನಾನು ನೋಡಲಿಲ್ಲ.

ನಿಯಮದ ಕಿಂಡಿಗಳ ಬಗ್ಗೆಯೂ ಹೇಳಬೇಕು. ಮೇಯರ್ ಮತ್ತು ಉಪಮೇಯರ್ ಹುದ್ದೆಗಳಿಗೆ ಒಂದು ಪಕ್ಷ ಇಬ್ಬರನ್ನು ನಿಲ್ಲಿಸಿದರೆ ಒಬ್ಬರು ಮಹಿಳೆಯಾಗಿರಬೇಕು ಎಂದು ಕಾಯ್ದೆ ಹೇಳಿತು. 2017ರಲ್ಲಿ ಪಕ್ಷಗಳು ಗಂಡಸರನ್ನು ಮೇಯರ್ ಹುದ್ದೆಗೂ ಹೆಂಗಸರನ್ನು ಉಪಮೇಯರ್ ಹುದ್ದೆಗೂ ನಿಲ್ಲಿಸಿದವು. ಹೀಗಾಗಿ ಉಪ ಸ್ಥಾನಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಹಿಳೆಯರದಾಯಿತು. 2022ರ ಹೊತ್ತಿಗೆ ಮೈತ್ರಿಕೂಟದ ಪಕ್ಷಗಳು ಒಂದು ಹುದ್ದೆ ನಿಮಗೆ, ಒಂದು ನಮಗೆ ಎಂದು ಹಂಚಿಕೊಂಡವು. ಪ್ರತಿ ಪಕ್ಷವೂ ಒಬ್ಬರನ್ನೇ ನಿಲ್ಲಿಸಿದ್ದರಿಂದ ನಿಯಮ ಅನ್ವಯಿಸಲೇ ಇಲ್ಲ, ಉಪಮೇಯರ್ ಸ್ಥಾನಗಳಲ್ಲೂ ಮಹಿಳೆಯರ ಸಂಖ್ಯೆ ಇಳಿಯಿತು. ರಂಗೋಲಿ ಕೆಳಗೆ ನುಸುಳುವವರು ಎಲ್ಲ ದೇಶದಲ್ಲೂ ಇದ್ದಾರೆ.

ಕಾಡುಮಲ್ಲಿಗೆ

ಲೈಬೀರಿಯಾ ಇಲ್ಲದೆ ಈ ಚರ್ಚೆ ಪೂರ್ತಿಯಾಗದು, ಚಿಕ್ಕದಾಗಿ ಹೇಳುತ್ತೇನೆ. 2003ರಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆಯ ಬಳಿಯ ಬಯಲಿನಲ್ಲಿ ಕ್ರೈಸ್ತ ಮತ್ತು ಮುಸ್ಲಿಂ ಹೆಂಗಸರು ಬಿಳಿ ಅಂಗಿ ತೊಟ್ಟು ಮಳೆ ಬಿಸಿಲೆನ್ನದೆ ದಿನವೂ ಕೂತರು. ಅಧ್ಯಕ್ಷ ಚಾರ್ಲ್ಸ್ ಟೇಲರ್ ದಿನವೂ ಕಾರಿನಲ್ಲಿ ಹೋಗುವ ದಾರಿ ಅದು. ಜೂನ್‌ನಲ್ಲಿ ಘಾನಾದ ಅಕ್ರಾದಲ್ಲಿ ಮಾತುಕತೆ ಶುರುವಾಯಿತು. ವಾರಗಟ್ಟಲೆ ಹೋಟೆಲಿನಲ್ಲಿದ್ದುಕೊಂಡು ನಾಯಕರು ಸ್ಥಾನ ಹಂಚಿಕೆಯ ಚೌಕಾಸಿ ಮಾಡುತ್ತಿದ್ದಾಗ ಊರಿನಲ್ಲಿ ಶೆಲ್ ಬೀಳುತ್ತಿತ್ತು. ಜುಲೈನಲ್ಲಿ ಆ ಹೆಂಗಸರ ನಾಯಕಿ ಲೇಮಾ ಬೋವಿ ಮತ್ತು ಸಂಗಾತಿಯರು ಸಭಾಂಗಣದ ಬಾಗಿಲಿಗೆ ಅಡ್ಡ ಕೂತು, ಒಪ್ಪಂದವಾಗದೆ ಯಾರನ್ನೂ ಹೊರಗೆ ಬಿಡುವುದಿಲ್ಲ ಎಂದರು. ಬಂಧಿಸಲು ಬಂದಾಗ ಆಕೆ ಮೈಮೇಲಿನ ಬಟ್ಟೆ ಕಳಚಲು ಕೈ ಹಾಕಿದರು. ತಾಯಿಯ ವಯಸ್ಸಿನವಳು ತಾನಾಗಿ ಬೆತ್ತಲಾಗುವುದನ್ನು ನೋಡುವುದು ಅಲ್ಲಿ ಶಾಪ. ಮಧ್ಯಸ್ಥಿಕೆ ವಹಿಸಿದ್ದ ನೈಜೀರಿಯಾದ ಜನರಲ್ ಅಬ್ದುಲ್‌ಸಲಾಮಿ ಅಬೂಬಕರ್ ಬಂದು ಅವರ ಜೊತೆ ಮಾತನಾಡಿದರು. ಆಗಸ್ಟ್ 18ರಂದು ಒಪ್ಪಂದವಾಯಿತು.

2005ರ ಚುನಾವಣೆಯಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಗೆದ್ದು ಅಧ್ಯಕ್ಷೆಯಾದರು, ಮತದಾರರ ನೋಂದಣಿಗೆ ಅದೇ ಹೆಂಗಸರು ಸಂತೆ ಸಂತೆ ಸುತ್ತಿದ್ದರು. 2011ರಲ್ಲಿ ಬೋವಿ, ಸರ್ಲೀಫ್ ಇಬ್ಬರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆದರೆ ಶಾಸನಸಭೆಯಲ್ಲಿ ಮಹಿಳಾ ಮೀಸಲಾತಿಯ ಕಾಯ್ದೆ ಬರಲಿಲ್ಲ, ಮಹಿಳೆಯರ ಪಾಲು ಹತ್ತನೇ ಒಂದರ ಆಸುಪಾಸಿನಲ್ಲೇ ಉಳಿಯಿತು. ಹೊಳೆಸಾಲು ಅವರ ವಾದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಕಡಲತಡಿ

ಸಾಕ್ಷಿಗಳು ಬಂದವು, ಆದರೂ ನನ್ನ ಅನುಮಾನದ ಒಂದು ಭಾಗ ಹಾಗೆಯೇ ಇದೆ. ನಿಯಮವೇ ಎಲ್ಲವನ್ನೂ ನಿರ್ಧರಿಸುತ್ತದೆಂದರೆ ಮತದಾರರ ಹೊಣೆ ಏನೂ ಇಲ್ಲವೇ? ಮಣಿಪುರದ ಇರೋಮ್ ಶರ್ಮಿಳಾ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ ವಿರುದ್ಧ 2000ದ ನವೆಂಬರ್‌ನಿಂದ 2016ರ ಆಗಸ್ಟ್‌ವರೆಗೆ ಉಪವಾಸವಿದ್ದರು. ಉಪವಾಸ ಬಿಟ್ಟು 2017ರಲ್ಲಿ ಥೌಬಲ್ ಕ್ಷೇತ್ರದಿಂದ ನಿಂತಾಗ ಸಿಕ್ಕದ್ದು 90 ಮತ. ಹದಿನಾರು ವರ್ಷ ಆಕೆಯ ಚಿತ್ರ ಹಿಡಿದು ಮೆರವಣಿಗೆ ಹೋದವರಿಗೆ ಆಕೆ ಉತ್ಸವಮೂರ್ತಿಯಾಗಿದ್ದರೆ ಸಾಕಾಗಿತ್ತು. ಆನಂತರ ಆಕೆ ಬಂದು ನೆಲೆಸಿದ್ದು ನಮ್ಮ ಬೆಂಗಳೂರಿನಲ್ಲಿ. ಇಲ್ಲಿ ಯಾವ ನಿಯಮವೂ ಅಡ್ಡಬರಲಿಲ್ಲ, ಅಡ್ಡಬಂದದ್ದು ಜನರೇ.

ಹೊಳೆಸಾಲು

ಆಕೆ ಮುಖ್ಯಮಂತ್ರಿಯಾಗಿದ್ದವರ ಎದುರು, ಅವರದೇ ಕ್ಷೇತ್ರದಲ್ಲಿ, ಆಗಷ್ಟೇ ಹುಟ್ಟಿದ ಪಕ್ಷದಿಂದ ನಿಂತಿದ್ದರು. ಆ ಪರಿಸ್ಥಿತಿಯಲ್ಲಿ ಬೇರೆ ಯಾರೂ ಗೆಲ್ಲುತ್ತಿರಲಿಲ್ಲ. ಆದರೆ 90 ಎಂಬ ಸಂಖ್ಯೆಗೆ ಅದು ಪೂರ್ತಿ ವಿವರಣೆಯಲ್ಲ ಎಂಬುದನ್ನು ಒಪ್ಪುತ್ತೇನೆ. ಮತದಾರರ ಹೊಣೆ ಇದೆ, ಟಿಕೆಟ್ ಕೊಡುವವರದು ಅದಕ್ಕಿಂತ ಹೆಚ್ಚಿದೆ. ನಾಗಾಲ್ಯಾಂಡ್ ರಾಜ್ಯ ಹುಟ್ಟಿದ್ದು 1963ರಲ್ಲಿ. 1977ರಲ್ಲಿ ರಾನೊ ಶೈಜಾ ಲೋಕಸಭೆಗೆ ಗೆದ್ದು ಹೋದರು, ಆದರೆ 60 ಸ್ಥಾನಗಳ ವಿಧಾನಸಭೆಗೆ ಮೊದಲ ಬಾರಿಗೆ ಮಹಿಳೆಯರು ಆಯ್ಕೆಯಾಗಲು 2023 ಬರಬೇಕಾಯಿತು. ಆ ಚುನಾವಣೆಯಲ್ಲಿ ಎಲ್ಲ ಪಕ್ಷಗಳಿಂದ ಸೇರಿ ಕಣದಲ್ಲಿದ್ದ ಮಹಿಳೆಯರು ನಾಲ್ವರು. ಗೆದ್ದವರು ಇಬ್ಬರು, ಹೆಕಾನಿ ಜಖಾಲು ಮತ್ತು ಸಲ್ಹೌಟುವೊನುವೊ ಕ್ರೂಸೆ. ಕ್ರೂಸೆ ಅವರು ಗೆದ್ದದ್ದು ಏಳು ಮತಗಳಿಂದ, ಮುಂದೆ ಸಚಿವರೂ ಆದರು. ನಾಲ್ವರಲ್ಲಿ ಇಬ್ಬರು ಗೆದ್ದರೆಂದರೆ ಮತದಾರರನ್ನು ಪೂರ್ತಿ ದೂರುವಂತಿಲ್ಲ. ಅಭ್ಯರ್ಥಿಗಳ ಪಟ್ಟಿಯಲ್ಲೇ ಹೆಸರಿಲ್ಲದಿದ್ದರೆ ಅವರು ಯಾರಿಗೆ ಮತ ಹಾಕಬೇಕು?

ಕಾಯ್ದೆ ಓದುಗ

ಮುಂದಿನ ಜಗಳ ಎಲ್ಲಿ ಆಗಲಿದೆ ಎಂಬುದನ್ನೂ ಗುರುತಿಸಿ ಇಡೋಣ. 2023ರ ನೂರಾ ಆರನೇ ತಿದ್ದುಪಡಿ ಲೋಕಸಭೆಯಲ್ಲೂ ಎಲ್ಲ ರಾಜ್ಯಗಳ ವಿಧಾನಸಭೆಗಳಲ್ಲೂ ಮೂರನೇ ಒಂದರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡುತ್ತದೆ. ಜನಗಣತಿಯಾಗಿ, ಕ್ಷೇತ್ರ ಮರುವಿಂಗಡಣೆ ಮುಗಿದ ಮೇಲೆ ಅದು ಜಾರಿಗೆ ಬರಬೇಕು. ನಾಗಾಲ್ಯಾಂಡ್‌ನ ಈಗಿನ 60 ಸ್ಥಾನಗಳ ಲೆಕ್ಕದಲ್ಲಿ ಇಪ್ಪತ್ತು ಮಹಿಳೆಯರು ವಿಧಾನಸಭೆಗೆ ಬರುತ್ತಾರೆ. 371ಎ ವಿಧಿಯ ಪಟ್ಟಿಯಲ್ಲಿ ಚುನಾವಣೆ ಎಂಬ ವಿಷಯವೇ ಇಲ್ಲ, ಆದರೂ ಪಟ್ಟಣಗಳ ವಿಷಯದಲ್ಲಿ ಆದಂತೆ ಸಾಮಾಜಿಕ ಆಚರಣೆ ಎಂಬ ಮಾತಿನ ಅಡಿಯಲ್ಲಿ ವಾದ ಎದ್ದೇ ಏಳುತ್ತದೆ. ಇತ್ತ ಚೌಕಟ್ಟು ಒಪ್ಪಂದ ಪ್ರತ್ಯೇಕ ಧ್ವಜ ಮತ್ತು ಪ್ರತ್ಯೇಕ ಸಂವಿಧಾನದ ಬೇಡಿಕೆಯ ಹತ್ತಿರ ನಿಂತುಬಿಟ್ಟಿದೆ. ಅಂತಿಮ ಒಪ್ಪಂದ ಮೊದಲು ಬಂದು, ಅದರಲ್ಲಿ ನಾಗಾ ಸಂಸ್ಥೆಗಳ ರಚನೆಯನ್ನು ಸಂಪ್ರದಾಯಕ್ಕೆ ಬಿಡಲಾಗಿದೆ ಎಂದು ಒಂದು ಸಾಲು ಸೇರಿದರೆ, ತಿದ್ದುಪಡಿಯಿಂದ ಸಿಗಬೇಕಾದ ಆ ಇಪ್ಪತ್ತು ಸ್ಥಾನಗಳು ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತುತ್ತವೆ. ಆ ಸಾಲನ್ನು ಬರೆಯುವಾಗ ಕೋಣೆಯಲ್ಲಿ ತಾಯಂದಿರ ಸಂಘದವರು ಇರುತ್ತಾರೋ ಇಲ್ಲವೋ ಎಂಬುದರ ಮೇಲೆ ಅದು ನಿಂತಿದೆ. ಇದುವರೆಗೆ ಅವರನ್ನು ಸಮಾಲೋಚನೆಗೆ ಕರೆದಿದ್ದಾರೆ, ಕರಡು ಬರೆಯಲು ಕರೆದಿಲ್ಲ.